ಈ ಮನೆ ಮಾತು ಆ ಮನೆಗೆ

ಬುಧವಾರ ಮತ್ತು ಭಾನುವಾರ, ಸಂಜೆ ನಾಲ್ಕಕ್ಕೆ ಒಬ್ಬರು ಬಂದು ಮೊಮ್ಮಗಳನ್ನು ನನ್ನ ಮನೆಯಲ್ಲಿ ಬಿಟ್ಟು ಹೋಗುತ್ತಿದ್ದರು. ಐದಕ್ಕೆ ಇನ್ನೊಬ್ಬರು ಬಂದು ಕರೆದುಕೊಂಡು ಹೋಗುತ್ತಿದ್ದರು. ಬುಧವಾರ ಬಿಡುವವಳು ಸೊಸೆ, ಕರೆದೊಯ್ಯುವವನು ಮಗ; ಭಾನುವಾರ ಅದು ತಿರುಗುಮುರುಗು. ನಡುವಿನ ಆ ಒಂದು ಗಂಟೆಯನ್ನು ಇಟ್ಟದ್ದು ಕೌಟುಂಬಿಕ ನ್ಯಾಯಾಲಯ, ಗಂಡಹೆಂಡಿರು ಬಾಗಿಲಲ್ಲಿ ಎದುರುಬದುರಾಗಿ ಜಗಳಕ್ಕೆ ನಿಲ್ಲಬಾರದು ಎಂದು. ಆದೇಶದ ಐದನೆಯ ಕಲಮು ಹೀಗಿತ್ತು: "ಮಗುವನ್ನು ಒಬ್ಬರಿಂದ ಒಬ್ಬರಿಗೆ ಒಪ್ಪಿಸುವುದು ಅಜ್ಜ ಅಜ್ಜಿಯ ಮನೆಯಲ್ಲಿ ಆಗತಕ್ಕದ್ದು." ಆದೇಶ ಬಂದ ಮೂರು ತಿಂಗಳಿಗೆ ಅಜ್ಜಿ ತೀರಿಹೋದಳು. ಕಾಗದದಲ್ಲಿ ಅಜ್ಜ ಅಜ್ಜಿ ಎಂದೇ ಉಳಿಯಿತು. ಯಾರೂ ತಿದ್ದಲಿಲ್ಲ. ನಾನೂ ಹೋಗಿ ಹೇಳಲಿಲ್ಲ.

ಮೊಮ್ಮಗಳಿಗೆ ಆಗ ಆರು ವರ್ಷ. ಅವಳಜ್ಜಿ ಇಟ್ಟ ಅಡ್ಡಹೆಸರು ಹರಟೆಮಲ್ಲಿ. ಮಾತು ಬಂದ ದಿನದಿಂದ ಬಾಯಿ ಮುಚ್ಚಿದವಳಲ್ಲ. ಇರುವೆ ಎಲ್ಲಿಗೆ ಹೋಯಿತು, ಮೇಷ್ಟ್ರಮ್ಮ ಯಾವ ಬಣ್ಣದ ಚಪ್ಪಲಿ ಹಾಕಿದ್ದರು, ಬಸ್ಸಿನಲ್ಲಿ ಯಾರು ನಿದ್ದೆ ಹೋಗಿ ಮುಂದಿನವರ ಹೆಗಲಿಗೆ ಹಣೆ ಹೊಡೆದರು, ಎಲ್ಲವೂ ವರದಿಯಾಗಬೇಕು. ಅವಳನ್ನು ಮೂಕಿಯಂತೆ ಮಾಡಿದವನು ನಾನು. ಒಳ್ಳೆಯದಕ್ಕೆಂದೇ ಮಾಡಿದೆ.

ನನ್ನ ಮಗ ಲಿಫ್ಟ್ ಮೆಕ್ಯಾನಿಕ್. ಯಾರಾದರೂ ಎರಡು ಮಹಡಿಗಳ ನಡುವೆ ಸಿಕ್ಕಿಕೊಂಡರೆ ಅವನ ಫೋನು ಹೊಡೆದುಕೊಳ್ಳುತ್ತದೆ. ಊಟದ ತಟ್ಟೆ ಮುಂದಿದ್ದರೂ ಸರಿ, ಮಗಳ ಶಾಲೆಯ ಸಭೆಯಿದ್ದರೂ ಸರಿ, ಎದ್ದು ಓಡಬೇಕು. ಸೊಸೆ ದಂತದ ಲ್ಯಾಬಿನಲ್ಲಿ ಕಟ್ಟುಹಲ್ಲು ಮಾಡುವವಳು. ನನ್ನ ಬಾಯಲ್ಲಿರುವುದು ಅವಳ ಕೈಕೆಲಸವೇ. "ಮಾವನ ನಗು ನನ್ನದು" ಎಂದು ಮದುವೆಯಾದ ಹೊಸದರಲ್ಲಿ ತಮಾಷೆ ಮಾಡುತ್ತಿದ್ದಳು. ಅವಳಿಗೂ ಹೊತ್ತುಗೊತ್ತಿಲ್ಲ. ನಾಳೆ ಬೆಳಿಗ್ಗೆ ಬಾಯಿಗೆ ಕೂರಬೇಕಾದ ಹಲ್ಲು ಇವತ್ತು ಮುಗಿಯಲೇಬೇಕು. ಅವನು ಬರುವಾಗ ಇವಳು ಹೊರಟಿರುತ್ತಿದ್ದಳು. ಮೆಟ್ಟಿಲ ಮೇಲೆ ಮಗುವನ್ನು ಕೈಯಿಂದ ಕೈಗೆ ಕೊಟ್ಟು, "ಹಾಲು ಕುಡಿದಿದಾಳೆ" ಎಂದೋ "ಕುಡಿದಿಲ್ಲ" ಎಂದೋ ಒಂದು ಮಾತು ಆಡಿ ಹೋಗುವುದು. ಕುಡಿತವಿಲ್ಲ, ಹೊಡೆತವಿಲ್ಲ, ಮೂರನೆಯವರ ಸುದ್ದಿಯಿಲ್ಲ. ನಾನು ಇಷ್ಟು ಮಾಡಿದೆ, ನೀನೆಷ್ಟು ಮಾಡಿದೆ ಎಂಬ ಒಂದೇ ಮಾತು ಐದು ವರ್ಷ ಬೆಳೆದು ಕೋರ್ಟಿನ ಮೆಟ್ಟಿಲು ಹತ್ತಿತು.

"ಇಬ್ಬರೂ ಒಳ್ಳೆಯವರೇ, ಇಬ್ಬರೂ ಸುಸ್ತಾದವರು," ಎನ್ನುತ್ತಿದ್ದಳು ನನ್ನ ಹೆಂಡತಿ. "ಒಬ್ಬರಾದರೂ ಕೆಟ್ಟವರಾಗಿದ್ದರೆ ಬುದ್ಧಿ ಹೇಳಬಹುದಿತ್ತು ಕಣ್ರೀ."

ಇಬ್ಬರೂ ಬೇರೆ ಬೇರೆ ಮನೆ ಮಾಡಿದ ಮೇಲೆ ಹರಟೆಮಲ್ಲಿಯ ಹರಟೆ ಎರಡೂ ಮನೆಗೆ ಓಡಾಡಿತು. ಅಪ್ಪ ಹಾಲು ಒಲೆಯ ಮೇಲಿಟ್ಟು ಫೋನಿನಲ್ಲಿ ಮಾತಾಡುತ್ತಾ ಸೀಯಿಸಿದ ಎಂದು ಅಮ್ಮನಿಗೆ ಹೇಳಿದಳು. ಹದಿನೈದು ದಿನಕ್ಕೆ ಅದು ವಕೀಲರ ಕಾಗದದಲ್ಲಿ "ಮಗುವಿನ ಆಹಾರದ ಬಗ್ಗೆ ತಂದೆಯ ನಿರ್ಲಕ್ಷ್ಯ" ಎಂದಾಯಿತು. ಅಮ್ಮ ಬರುವುದು ತಡವಾಗಿ ಪಕ್ಕದ ಮನೆಯಲ್ಲಿ ಕೂತಿದ್ದೆ, ಅವರ ಬೆಕ್ಕು ಮರಿ ಹಾಕಿದೆ ಎಂದು ಅಪ್ಪನಿಗೆ ಹೇಳಿದಳು. ಬೆಕ್ಕನ್ನು ಬಿಟ್ಟು ಮಿಕ್ಕದ್ದು ಇನ್ನೊಂದು ಕಾಗದಕ್ಕೆ ಹೋಯಿತು. ಅದನ್ನು ಓದಿ ನನಗೆ ಬಹಳ ನೋವಾಯಿತು. ಮಗುವಿನ ಬಾಯಿಂದ ಕಲ್ಲು ಆರಿಸಿ ಒಬ್ಬರ ಮೇಲೊಬ್ಬರು ಎಸೆಯುತ್ತಿದ್ದಾರಲ್ಲ ಎನಿಸಿತು.

ನಾನು ನಲವತ್ತೊಂದು ವರ್ಷ ಒಬ್ಬ ಡಾಕ್ಟರರ ಬಳಿ ಕಾಂಪೌಂಡರ್ ಆಗಿದ್ದವನು. ಔಷಧ ಕೊಡುವ ಕಿಂಡಿಯ ಹಿಂದೆ ಕೂತವನಿಗೆ ಊರೆಲ್ಲರ ಒಳಗುಟ್ಟು ಗೊತ್ತಿರುತ್ತದೆ. ಯಾರಿಗೆ ಯಾವ ಕಾಯಿಲೆ, ಯಾರ ಮಗಳಿಗೆ ಫಿಟ್ಸು, ಯಾರು ನಿದ್ದೆ ಮಾತ್ರೆಯಿಲ್ಲದೆ ಮಲಗುವುದಿಲ್ಲ. ಡಾಕ್ಟರರು ಮೊದಲ ದಿನವೇ ಹೇಳಿದ್ದರು: "ಕಿಂಡೀಲಿ ಕೇಳಿದ್ದು ಬೀದಿಗೆ ಹೋದ್ರೆ ನೀನೂ ಬೀದಿಗೆ." ಒಂದು ಮಾತೂ ಹೋಗಲಿಲ್ಲ. ಹೆಂಡತಿಗೂ ಹೇಳಿದವನಲ್ಲ. ಅದನ್ನು ನಾನು ದೇವರ ಮುಂದೆ ಧೈರ್ಯವಾಗಿ ಹೇಳಿಕೊಳ್ಳಬಹುದಾದ ಕೆಲವೇ ಸಂಗತಿಗಳಲ್ಲಿ ಒಂದೆಂದು ತಿಳಿದಿದ್ದೆ. ಆ ಕಟ್ಟಳೆಯನ್ನೇ ಮೊಮ್ಮಗಳಿಗೂ ಕಲಿಸಿದೆ.

"ನೋಡು ಮರಿ, ಈ ಮನೆ ಮಾತು ಆ ಮನೆಗೆ ಹೋಗಬಾರದು, ಆ ಮನೆ ಮಾತು ಈ ಮನೆಗೆ ಬರಬಾರದು. ಯಾರು ಕೇಳಿದರೂ ಹೇಳಬಾರದು. ಜಾಣರು ಹಾಗೆ ಇರ್ತಾರೆ."

"ಚಾಕ್ಲೇಟ್ ಕೊಟ್ರೆ?"

"ಕೊಟ್ರೆ ತಿನ್ನು. ಹೇಳಬೇಡ."

ಹೆಂಡತಿ ಪಕ್ಕದಲ್ಲಿ ಬಟ್ಟೆ ಮಡಿಸುತ್ತಿದ್ದಳು. ಮಗು ಆಚೆ ಹೋದ ಮೇಲೆ, "ನಿಮ್ಮ ಕಿಂಡಿ ಕಟ್ಟಳೆ ಆ ಕೂಸಿಗ್ಯಾಕ್ರೀ? ಅದು ಹರಟೆ ಹೊಡ್ಕೊಂಡು ಬೆಳೀಲಿ. ದೊಡ್ಡವರು ಕಿವಿ ಮುಚ್ಚಿಕೊಳ್ಳೋದು ಕಲೀಬೇಕು, ಅದು ಬಾಯಿ ಮುಚ್ಚಿಕೊಳ್ಳೋದಲ್ಲ," ಎಂದಳು. ನಾನು ನಕ್ಕು ಸುಮ್ಮನಾದೆ. ಅವಳ ಮಾತಿಗೆ ನಕ್ಕು ಸುಮ್ಮನಾಗುವುದು ನನಗೆ ರೂಢಿಯಾಗಿತ್ತು. ಈಗ ಉತ್ತರ ಕೊಡೋಣವೆಂದರೆ ಅವಳಿಲ್ಲ.

ಮೊಮ್ಮಗಳು ಕಟ್ಟಳೆಯನ್ನು ನನಗಿಂತ ಚೆನ್ನಾಗಿ ಪಾಲಿಸಿದಳು.

ಆ ಹೊತ್ತಿಗೆ ಅವಳ ಕಣ್ಣಿನ ವಿಷಯ ಬಂತು. ಎಡಗಣ್ಣು ಮಂದ, ಬಲಗಣ್ಣು ಚುರುಕು. ಕಣ್ಣಿನ ಡಾಕ್ಟರು ಹೇಳಿದ್ದು ಇಷ್ಟೆ: ಚುರುಕಾದ ಕಣ್ಣಿಗೆ ದಿನಕ್ಕೆ ಎರಡು ಗಂಟೆ ಅಂಟುಪಟ್ಟಿ ಹಾಕಿ ಮುಚ್ಚಿಡಿ, ಆಗ ಸೋಮಾರಿ ಕಣ್ಣು ಕೆಲಸ ಕಲಿಯುತ್ತದೆ. ಎಂಟು ವರ್ಷದೊಳಗೆ ಆದರೆ ಒಳ್ಳೆಯದು. ಮಗನಿಗೊಂದು ಚೀಟಿ, ಸೊಸೆಗೊಂದು ಚೀಟಿ. ಇಬ್ಬರೂ ಪಟ್ಟಿಯ ಡಬ್ಬಿ ಕೊಂಡರು. ಮಗ ಪಟ್ಟಿಯ ಮೇಲೆ ನಕ್ಷತ್ರ ಬರೆದುಕೊಡುತ್ತಿದ್ದ, ಸೊಸೆ ಚಿಟ್ಟೆ. ನನ್ನ ಗಂಟೆಯಲ್ಲಿ ಪಟ್ಟಿಯ ಪ್ರಶ್ನೆಯೇ ಇರಲಿಲ್ಲ. ನಾವು ಲೆಕ್ಕವಿಲ್ಲದಷ್ಟು ಸಲ ಒಂದೇ ಚಿತ್ರದ ಪುಸ್ತಕ ನೋಡುತ್ತಿದ್ದೆವು, ಅವಳು ಪುಟ ತಿರುಗಿಸುವುದು, ನಾನು ಓದುವುದು.

ಆರು ತಿಂಗಳ ಮೇಲೆ ಸೊಸೆ ಅವಳನ್ನು ಪರೀಕ್ಷೆಗೆ ಕರೆದೊಯ್ದಳು. ಎಡಗಣ್ಣು ಸುಧಾರಿಸಿತ್ತು. ಆದರೆ ಯಾವಾಗಲೂ ಕೊನೆಯ ಸಾಲಿನವರೆಗೆ ಓದುತ್ತಿದ್ದ ಬಲಗಣ್ಣು ಎರಡು ಸಾಲು ಮೇಲೆಯೇ ನಿಂತುಬಿಟ್ಟಿತು. ಡಾಕ್ಟರು ಚೀಟಿ ನೋಡಿ, "ಮುಚ್ಚಿದ್ದು ಹೆಚ್ಚಾಗಿದೆ ಅಮ್ಮಾ. ಎಷ್ಟು ಹೊತ್ತು ಹಾಕ್ತೀರಿ?" ಎಂದು ಕೇಳಿದರಂತೆ. ಸೊಸೆ, "ಒಂದು ದಿನವೂ ತಪ್ಪಿಸಿಲ್ಲ," ಎಂದಳಂತೆ. ಕೇಳಿದ್ದಕ್ಕೆ ಅದು ಉತ್ತರವಲ್ಲ. ಆದರೆ ಹೊರಗೆ ಇನ್ನೂ ಇಪ್ಪತ್ತು ಜನ ಕಾಯುತ್ತಿದ್ದರು.

ಅಲ್ಲಿಯವರೆಗೆ ಮಗ "ಅವಳ ಮನೇಲಿ ಪಟ್ಟಿ ಹಾಕೋದೇ ಇಲ್ಲ" ಎನ್ನುತ್ತಿದ್ದ. ಸೊಸೆಯೂ ಅವನ ಬಗ್ಗೆ ಹಾಗೆಯೇ ಎನ್ನುತ್ತಿದ್ದಳು. ಈಗ ಇಬ್ಬರೂ ಮಾತು ತಿರುಗಿಸಿದರು. ಅವಳಿಗೆ ಕೆಲಸ ಹೆಚ್ಚು, ಪಟ್ಟಿ ಅಂಟಿಸಿ ಮರೆತು ದಿನವಿಡೀ ಬಿಡುತ್ತಾಳೆ ಎಂದು ಅವನು. ಅವನಿಗೆ ಲಿಫ್ಟು ಕಂಡರೆ ಮಗಳು ಕಾಣುವುದಿಲ್ಲ, ತೆಗೆಯುವವರೇ ಇಲ್ಲ ಎಂದು ಇವಳು. ಆ ಮನೆಯಲ್ಲಿ ಎಷ್ಟು ಹೊತ್ತು ಹಾಕುತ್ತಾರೆ ಎಂದು ಇಬ್ಬರೂ ಮಗುವನ್ನು ಕೇಳಿದರು. ಮಗು ನೆಲ ನೋಡಿತು. ಇಬ್ಬರ ವಕೀಲರೂ ಅರ್ಜಿ ಹಾಕಿದರು, ಎರಡರಲ್ಲೂ ಒಂದೇ ವಾಕ್ಯ: "ಮಗು ಬಾಯಿ ಬಿಡದಂತೆ ಎದುರಿನವರು ಹೆದರಿಸಿದ್ದಾರೆ." ಕೋರ್ಟಿನ ಕೌನ್ಸೆಲರ್ ಮಗುವನ್ನು ಒಬ್ಬಳನ್ನೇ ಕೂರಿಸಿಕೊಂಡು ಕೇಳಿದರು. ಫ್ರಾಕಿನ ಅಂಚು ತಿರುಚಿದಳೇ ಹೊರತು ಮಾತಿಲ್ಲ. "ಮಗು ಯಾವುದೋ ಭಯದಲ್ಲಿದೆ" ಎಂದು ಅವರು ವರದಿ ಬರೆದರು.

ಶುಕ್ರವಾರ ಕೊನೆಯ ಮಾತುಕತೆ ಎಂದಾಯಿತು. ಭಯ ಯಾವ ಮನೆಯಿಂದ ಬಂದಿದೆಯೆಂದು ತೀರ್ಮಾನವಾದರೆ ಆ ಮನೆಗೆ ಮಗು ಹೋಗುವುದು ನಿಲ್ಲುತ್ತದೆ. ಆ ಕಡೆಯವರು ತಿಂಗಳಿಗೆ ಎರಡು ಗಂಟೆ ಕೋರ್ಟಿನ ಆಟದ ಕೋಣೆಯಲ್ಲಿ, ಸಿಬ್ಬಂದಿಯೊಬ್ಬರ ಕಣ್ಣೆದುರು, ಮಗಳನ್ನು ನೋಡಿ ಬರಬೇಕು. ನನಗೂ ಬರಲು ಹೇಳಿದ್ದರು.

ಅದರ ಹಿಂದಿನ ಬುಧವಾರ ನಾಲ್ಕಕ್ಕೆ ಸೊಸೆ ಮಗುವನ್ನು ಬಿಟ್ಟು, "ಬರ್ತೀನಿ ಮಾವ," ಎಂದಷ್ಟೇ ಹೇಳಿ ಇಳಿದು ಹೋದಳು. ಮೊಮ್ಮಗಳು ಚೀಲ ಕೆಳಗಿಟ್ಟು, ಕುರ್ಚಿ ಹತ್ತಿ, ಕಾಲು ಆಡಿಸುತ್ತಾ ಕೂತಳು. ಆಮೇಲೆ ನನ್ನ ಕಿವಿಯ ಹತ್ತಿರ ಬಂದಳು.

"ಅಜ್ಜಾ, ಅಪ್ಪ ಕೇಳಿದ. ಅಮ್ಮ ಕೇಳಿದ್ಳು. ಕೋರ್ಟಿನ ಆಂಟಿ ಕೇಳಿದ್ರು, ಬಣ್ಣದ ಪೆನ್ಸಿಲ್ ಕೊಟ್ಟು. ನಾನು ಯಾರಿಗೂ ಹೇಳಲಿಲ್ಲ."

ಅವಳ ಮುಖದಲ್ಲಿ ಭಯವಿರಲಿಲ್ಲ. ಪಾಠ ಒಪ್ಪಿಸಿ ಬೆನ್ನು ತಟ್ಟಿಸಿಕೊಳ್ಳಲು ನಿಂತವರ ಮುಖ ಅದು.

ಅವಳ ಕೈ ಹಿಡಿದುಕೊಂಡೆ. "ಏನನ್ನ ಮರಿ ಹೇಳಲಿಲ್ಲ?"

"ಪಟ್ಟೀದು."

"ನನಗೆ ಹೇಳ್ತೀಯಾ?"

ಯೋಚಿಸಿದಳು. "ನೀನು ಯಾವ ಮನೆ?"

"ನಾನು... ನಡುವಿನ ಮನೆ."

"ಹಾಗಾದ್ರೆ ನಿಂಗೂ ಹೇಳಂಗಿಲ್ಲ. ನೀನು ಎರಡೂ ಕಡೆಗೆ ಹೇಳಿಬಿಟ್ರೆ?" ಎಂದು ನನ್ನ ಗಲ್ಲ ಹಿಡಿದು ಆಡಿಸಿದಳು. "ನನ್ನನ್ನ ಪರೀಕ್ಷೆ ಮಾಡ್ತಿದೀಯಾ ಅಜ್ಜ. ಗೊತ್ತಾಯ್ತು."

ಐದಕ್ಕೆ ಮಗ ಬಂದ. ಅವಳು ಚೀಲ ಹಾಕಿಕೊಳ್ಳುವಾಗ ನನ್ನನ್ನು ಬಾಗಿಲಾಚೆ ಕರೆದು ತಗ್ಗಿದ ದನಿಯಲ್ಲಿ ಹೇಳಿದ.

"ಅಪ್ಪಾ, ಶುಕ್ರವಾರ ಒಂದು ಮಾತು ಹೇಳಿ. ಅವಳಮ್ಮನ ಮನೆಯಿಂದ ಬಂದಾಗ ಮಗು ಮಂಕಾಗಿರುತ್ತೆ ಅಂತ. ಅಷ್ಟೇ."

"ನಿನ್ನ ಮನೆಯಿಂದ ಬಂದಾಗಲೂ ಹಾಗೇ ಇರುತ್ತೆ."

"ನೀವು ಯಾರ ಕಡೆ ಅಪ್ಪ?"

"ನಿನ್ನ ಮಗಳೂ ಈಗ ಅದನ್ನೇ ಕೇಳಿದಳು," ಎಂದೆ. ಅವನಿಗೆ ಅರ್ಥವಾಗಲಿಲ್ಲ. ಅವನ ಫೋನು ಹೊಡೆದುಕೊಂಡಿತು.

ಗುರುವಾರ ಬೆಳಗಿನ ಪ್ರಾರ್ಥನೆಗೆ ಕೂತಾಗ ಮನಸ್ಸು ಒಂದೆಡೆ ನಿಲ್ಲಲಿಲ್ಲ. ಮಾಡಬೇಕಾದ್ದು ಏನೆಂಬುದರಲ್ಲಿ ಅನುಮಾನವಿರಲಿಲ್ಲ. ಆದರೆ ನಾನೇ ಅವಳ ಬಾಯಿಗೆ ಬೀಗ ಹಾಕಿದವನೆಂದು ಹೇಳಿದರೆ, ಇಂಥ ಮುದುಕನ ಮನೆಯಲ್ಲಿ ಮಗುವನ್ನು ಒಪ್ಪಿಸುವುದು ಬೇಡ ಎಂದು ಯಾವ ನ್ಯಾಯಾಧೀಶರಾದರೂ ಹೇಳುತ್ತಾರೆ. ವಾರಕ್ಕೆ ಎರಡು ಗಂಟೆ. ಹೆಂಡತಿ ತೀರಿಹೋದ ಮೇಲೆ ನಾನು ಬುಧವಾರದಿಂದ ಭಾನುವಾರಕ್ಕೆ, ಭಾನುವಾರದಿಂದ ಬುಧವಾರಕ್ಕೆ ಹೆಜ್ಜೆ ಇಟ್ಟು ಬಂದವನು. ನನ್ನಿಂದ ಅದನ್ನು ಕಿತ್ತುಕೊಳ್ಳಬೇಡ ಎಂದು ದೇವರನ್ನು ಕೇಳಿದೆ. ಕೇಳಿದ್ದಕ್ಕೆ ನಾಚಿಕೆಯಾಯಿತು. ಮತ್ತೆ ಕೇಳಿದೆ.

ಶುಕ್ರವಾರ ನ್ಯಾಯಾಲಯದ ಎರಡನೆಯ ಮಹಡಿಯ ಓಣಿಯಲ್ಲಿ ಉದ್ದ ಬೆಂಚು. ಎದುರುಬದುರು ಜನ. ಗಂಡಂದಿರು ಒಂದು ಗೋಡೆಗೆ, ಹೆಂಡಿರು ಒಂದು ಗೋಡೆಗೆ, ಯಾರೂ ಹೇಳದಿದ್ದರೂ ಹಾಗೆಯೇ ಕೂತಿದ್ದರು. ನಾನು ಎಲ್ಲಿ ಕೂರುವುದೆಂದು ತಿಳಿಯದೆ ನಿಂತೆ. ಮಗನ ವಕೀಲರು ಬಂದು ಕೈ ಹಿಡಿದುಕೊಂಡರು.

"ಯಜಮಾನ್ರೇ, ನೀವು ಹಿರಿಯರು, ದೈವಭಕ್ತರು. ನಿಮ್ಮ ಮಾತಿಗೆ ತೂಕ ಇದೆ. ಹೆಚ್ಚು ಹೇಳಬೇಡಿ, ಕೇಳಿದ್ದಕ್ಕೆ ಹೌದು ಇಲ್ಲ ಅಷ್ಟೇ."

"ಹೆಚ್ಚು ಮಾತು ಕಮ್ಮಿ ಮಾಡೋದರಲ್ಲಿ ನನಗೆ ಅಭ್ಯಾಸ ಇದೆ ಸ್ವಾಮಿ," ಎಂದೆ.

ಆಚೆ ಗೋಡೆಯಿಂದ ಸೊಸೆ ನೋಡುತ್ತಿದ್ದಳು. ಎದ್ದು ಬಂದು ನನಗೆ ತನ್ನ ಜಾಗ ಬಿಟ್ಟುಕೊಟ್ಟಳು. "ಕೂತ್ಕೊಳ್ಳಿ ಮಾವ. ಮಂಡಿ ನೋವು ನಿಮಗೆ." ಸ್ವಲ್ಪ ತಡೆದು, "ನೀವು ಏನು ಹೇಳ್ತೀರೋ ಹೇಳಿ. ನಾನು ಬೇಜಾರು ಮಾಡ್ಕೊಳ್ಳಲ್ಲ," ಎಂದಳು. ಬೇಜಾರು ಮಾಡಿಕೊಳ್ಳುವವರು ಮಾತ್ರ ಹಾಗೆ ಹೇಳುತ್ತಾರೆ.

ಕೌನ್ಸೆಲರ್ ಅವರ ಕೋಣೆ ಚಿಕ್ಕದು. ಒಂದು ಕಬ್ಬಿಣದ ಬೀರು, ದಾರ ಕಟ್ಟಿದ ಕಡತಗಳು, ಮೂಲೆಯಲ್ಲಿ ಮಕ್ಕಳ ಎತ್ತರದ ಮೇಜು, ಅದರ ಮೇಲೆ ಮೊನೆ ಮುರಿದ ಬಣ್ಣದ ಪೆನ್ಸಿಲುಗಳು. ವಕೀಲರನ್ನು ಹೊರಗೇ ಇರಿಸಿದರು. ಮೊಮ್ಮಗಳು ಪಕ್ಕದ ಕೋಣೆಯಲ್ಲಿ ಆಯಾ ಒಬ್ಬರ ಜೊತೆಗಿದ್ದಳು. ಕೌನ್ಸೆಲರ್ ಐವತ್ತರ ಹೆಂಗಸು, ಓದುವ ಕನ್ನಡಕ ಕೊರಳಿಗೆ ನೇತುಹಾಕಿದ್ದರು. ಆದೇಶದ ಪ್ರತಿ ತೆರೆದು ನನ್ನ ಕಡೆ ನೋಡಿದರು.

"ಅಜ್ಜಿ ಬಂದಿಲ್ವಾ?"

ಮಗ ಕಿಟಕಿ ಕಡೆ ತಿರುಗಿದ. ನಾನೇ ಹೇಳಿದೆ. "ಅವಳು ಹೋಗಿ ಎಂಟು ತಿಂಗಳಾಯ್ತಮ್ಮ."

ಅವರು ಪೆನ್ನು ಎತ್ತಿದರು, ಹಾಗೇ ಕೆಳಗಿಟ್ಟರು. "ನನಗೆ ಯಾರೂ ಹೇಳಲಿಲ್ಲ," ಎಂದರು ಮೆಲ್ಲಗೆ. ಆಮೇಲೆ ಕೇಳಿದರು, "ನಿಮ್ಮ ಮನೇಲಿ ಮಗು ಯಾರಿಗಾದರೂ ಹೆದರಿದ್ದು ನೋಡಿದೀರಾ?"

"ಇಲ್ಲ" ಎಂದರೆ ಸಾಕಿತ್ತು. ಅದು ಸುಳ್ಳೂ ಆಗುತ್ತಿರಲಿಲ್ಲ. ಆ ಎರಡಕ್ಷರ ನಾಲಿಗೆಯ ತುದಿಗೆ ಬಂದು ಕೂತಿತ್ತು. ಮಗ ನನ್ನ ಮುಖ ನೋಡುತ್ತಿದ್ದ. ಸೊಸೆ ತನ್ನ ಕೈ ನೋಡಿಕೊಳ್ಳುತ್ತಿದ್ದಳು. ಅವಳ ಉಗುರುಗಳಲ್ಲಿ ಯಾವಾಗಲೂ ಸ್ವಲ್ಪ ಗುಲಾಬಿ ಬಣ್ಣದ ಪುಡಿ ಇರುತ್ತದೆ, ವಸಡು ಮಾಡುವ ಪುಡಿ.

"ಅವಳು ಯಾರಿಗೂ ಹೆದರಿಲ್ಲಮ್ಮ," ಎಂದೆ. "ಅವಳು ಬಾಯಿ ಬಿಡದೆ ಇರೋದು ನನ್ನ ಮಾತಿಗೆ. ಈ ಮನೆ ಮಾತು ಆ ಮನೆಗೆ ಹೇಳಬೇಡ, ಯಾರು ಕೇಳಿದರೂ ಹೇಳಬೇಡ ಅಂತ ನಾನೇ ಕಲಿಸಿದ್ದು. ಒಂದು ವರ್ಷವಾಯ್ತು. ಇವರಿಬ್ಬರಲ್ಲಿ ಯಾರೂ ಹೆದರಿಸಿಲ್ಲ."

ಕೌನ್ಸೆಲರ್ ಮುಂದಿದ್ದ ಕಡತವನ್ನು ಪಕ್ಕಕ್ಕೆ ಸರಿಸಿದರು.

"ನೀವಾ?" ಎಂದ ಮಗ.

"ನಾನೇ. ನೀವಿಬ್ಬರೂ ಅವಳ ಮಾತನ್ನ ಕಾಗದಕ್ಕೆ ಹಾಕ್ತಿದ್ರಿ. ತಡೆಯೋಣ ಅಂತ ಹೋದೆ. ನಿಮಗೆ ಹೇಳೋ ಧೈರ್ಯ ಇರಲಿಲ್ಲ, ಅವಳಿಗೆ ಹೇಳಿದೆ. ಚಿಕ್ಕವರಿಗೆ ಹೇಳೋದು ಸುಲಭ."

ಕೌನ್ಸೆಲರ್ ಕನ್ನಡಕ ಏರಿಸಿ ಇಬ್ಬರ ಕಡೆ ತಿರುಗಿದರು. "ಮಗು ಹೇಳದಿದ್ದರೆ ಬೇಡ. ನೀವು ಹೇಳಿ. ನಿಮ್ಮ ನಿಮ್ಮ ಮನೇಲಿ ದಿನಕ್ಕೆ ಎಷ್ಟು ಗಂಟೆ ಪಟ್ಟಿ? ಎದುರಿನವರದ್ದು ಬೇಡ, ನಿಮ್ಮದು."

ಇಬ್ಬರೂ ಒಬ್ಬರನ್ನೊಬ್ಬರು ಕಾದರು. ಮೊದಲು ಸೊಸೆಯೇ ಬಾಯಿಬಿಟ್ಟಳು.

"ನಾಲ್ಕು."

"ಚೀಟೀಲಿ ಎರಡು ಅಂತಿದೆ."

"ಅವರು ಹಾಕಲ್ಲ ಅಂತ ನಾನು... ಕೇಳಿದರೆ ಮಗು ಹೇಳಲ್ಲ. ಹಾಕಿದ್ರೆ ಹಾಕಿದ್ರು ಅಂತ ಹೇಳ್ತಿದ್ಲು ತಾನೇ? ಹೇಳಲಿಲ್ಲ ಅಂದ್ರೆ ಹಾಕಿಲ್ಲ ಅಂತ. ಅಲ್ಲಿ ತಪ್ಪಿದ್ದನ್ನ ಇಲ್ಲಿ ಸರಿ ಮಾಡೋಣ ಅಂತ ಎರಡು ಗಂಟೆ ಸೇರಿಸಿದೆ." ಧ್ವನಿ ಇಳಿಯಿತು. "ಅವಳಿಗೆ ಕಣ್ಣು ಸರಿಹೋಗ್ಲಿ ಅಂತ."

ಮಗ ಬಹಳ ಹೊತ್ತು ಮೇಜಿನ ಅಂಚನ್ನು ಉಜ್ಜಿದ.

"ನೀವು?" ಎಂದರು ಕೌನ್ಸೆಲರ್.

"ನಾನೂ ನಾಲ್ಕು." ಮತ್ತೆ, "ಅದೇ ಕಾರಣಕ್ಕೆ," ಎಂದ.

ನಲವತ್ತೊಂದು ವರ್ಷ ನಾನು ಕಿಂಡಿಯಿಂದ ಬಾಟಲಿ ಕೊಡುವಾಗಲೆಲ್ಲ ಹೇಳುತ್ತಿದ್ದ ಮಾತೊಂದಿದೆ: ಒಂದು ಹೊತ್ತು ತಪ್ಪಿದರೆ ಮುಂದಿನ ಹೊತ್ತಿಗೆ ಎರಡು ಪಾಲು ಕುಡಿಯಬೇಡಿ. ಸಾವಿರಾರು ಮಂದಿಗೆ ಹೇಳಿದ್ದೇನೆ. ನನ್ನ ಮೊಮ್ಮಗಳು ಒಂದು ಹೊತ್ತೂ ತಪ್ಪದೆ ಆರು ತಿಂಗಳು ಎರಡು ಪಾಲು ಕುಡಿದಳು, ನನ್ನ ಎದುರಿಗೇ, ವಾರಕ್ಕೆ ಎರಡು ಸಲ ನನ್ನ ಮಡಿಲಲ್ಲಿ ಕೂತು ಚಿತ್ರದ ಪುಸ್ತಕ ನೋಡುತ್ತಾ.

ಮಗ ಇದ್ದಕ್ಕಿದ್ದಂತೆ ನಕ್ಕ. ಸಂತೋಷದ ನಗೆಯಲ್ಲ. "ಐದು ವರ್ಷ ಒಂದು ವಿಷಯಕ್ಕೂ ನಮಗೆ ಒಮ್ಮತ ಇರಲಿಲ್ಲ ಮೇಡಂ. ಬೇರೆಯಾದ ಮೇಲೆ ಇಬ್ಬರೂ ಒಂದೇ ಥರ ಯೋಚನೆ ಮಾಡಿದೀವಿ ನೋಡಿ."

"ನೀನು ನಕ್ಷತ್ರ ಬರೀತಿದ್ದೆ ತಾನೇ," ಎಂದಳು ಸೊಸೆ. ಅವನ ಕಡೆ ನೋಡದೆ ಅಂದದ್ದು, ಆದರೆ ಅವನಿಗೇ ಅಂದದ್ದು. "ಒಂದು ಸಲ ಅವಳ ಚೀಲದ ತಳದಲ್ಲಿ ಒಂದು ಸಿಕ್ಕಿತ್ತು. ನನ್ನ ಕಣ್ಣಿಗೆ ಮಣ್ಣೆರಚೋಕೆ ಹಾಕಿ ಕಳಿಸಿದಾನೆ ಅಂದ್ಕೊಂಡೆ."

"ನನಗೆ ಚಿಟ್ಟೆ ಸಿಕ್ಕಿತ್ತು," ಎಂದ ಮಗ. "ನಾನೂ ಹಾಗೇ ಅಂದ್ಕೊಂಡೆ."

ಕೌನ್ಸೆಲರ್ ಇಬ್ಬರಿಗೂ ಏನೂ ಬುದ್ಧಿ ಹೇಳಲಿಲ್ಲ. ಅದು ನನಗೆ ಹಿಡಿಸಿತು. ಕಣ್ಣಿನ ಡಾಕ್ಟರಿಗೆ ಅಲ್ಲಿಂದಲೇ ಫೋನು ಮಾಡಿಸಿ ಇದ್ದದ್ದನ್ನು ಇದ್ದ ಹಾಗೆ ಸೊಸೆಯಿಂದ ಹೇಳಿಸಿದರು. ಪಟ್ಟಿ ಈ ಕ್ಷಣದಿಂದ ನಿಲ್ಲಿಸಿ, ಆರು ವಾರ ಬಿಟ್ಟು ಕರೆದುಕೊಂಡು ಬನ್ನಿ, ಈ ವಯಸ್ಸಿನಲ್ಲಿ ಬಹುಪಾಲು ತಾನಾಗಿ ಮರಳಿ ಬರುತ್ತದೆ ಎಂದರು ಡಾಕ್ಟರು. ಬಹುಪಾಲು ಎಂಬ ಮಾತನ್ನು ನಾವು ಮೂವರೂ ಕೇಳಿಸಿಕೊಂಡೆವು.

ಆಮೇಲೆ ಮಗುವನ್ನು ಕರೆಸಿದರು. "ಅಜ್ಜನೇ ಹೇಳಲಿ," ಎಂದರು ನನಗೆ.

ನನ್ನ ಮಂಡಿ ಬಗ್ಗುವುದಿಲ್ಲ. ಚಿಕ್ಕ ಮೇಜಿನ ಚಿಕ್ಕ ಕುರ್ಚಿಯ ಮೇಲೆ ಹೇಗೋ ಕೂತೆ. "ಮರಿ, ನಾನು ನಿಂಗೊಂದು ಮಾತು ಹೇಳಿದ್ದೆ, ಈ ಮನೆ ಮಾತು ಆ ಮನೆಗೆ ಬೇಡ ಅಂತ. ಅದು ತಪ್ಪು. ನಾನು ತಪ್ಪು ಹೇಳಿಕೊಟ್ಟೆ."

ಅವಳು ನನ್ನನ್ನೂ ಕೌನ್ಸೆಲರನ್ನೂ ನೋಡಿದಳು. "ಪರೀಕ್ಷೇನಾ?"

"ಅಲ್ಲ. ನಿಜ."

"ನೀನು ಕಿಂಡಿ ಕೆಲಸದಲ್ಲಿ ಯಾರಿಗೂ ಹೇಳ್ತಿರಲಿಲ್ಲ ಅಂದಿದ್ದೆ."

"ಅದು ಕಾಯಿಲೆಯವರ ಮಾತು. ಇದು ನಿನ್ನ ಮಾತು. ನಿನ್ನ ಮಾತು ನೀನು ಯಾರಿಗೆ ಬೇಕಾದರೂ ಹೇಳಬಹುದು. ಅಪ್ಪನ ಮನೇದು ಅಮ್ಮನಿಗೆ, ಅಮ್ಮನ ಮನೇದು ಅಪ್ಪನಿಗೆ. ಅವರು ಬೈಯಲ್ಲ, ಬರೆದುಕೊಳ್ಳೋದೂ ಇಲ್ಲ."

"ಬರ್ಕೊಳ್ಳಲ್ಲ ಪುಟ್ಟಾ," ಎಂದ ಮಗ.

"ಬರ್ಕೊಳ್ಳಲ್ಲ," ಎಂದಳು ಸೊಸೆ.

"ಎಲ್ಲಾನೂ ಹೇಳಬಹುದಾ?"

"ಎಲ್ಲಾನೂ."

ನಾವು ನಾಲ್ವರು ದೊಡ್ಡವರು ಅವಳ ಬಾಯನ್ನೇ ನೋಡುತ್ತಾ ಕೂತೆವು. ಅವಳು ಒಂದು ಪೆನ್ಸಿಲ್ ಎತ್ತಿ ಮೊನೆ ನೋಡಿ ಕೆಳಗಿಟ್ಟಳು.

"ಈಗ ಏನೂ ಜ್ಞಾಪಕ ಇಲ್ಲ," ಎಂದಳು.

ಕೌನ್ಸೆಲರ್ ವರದಿ ಬರೆದರು. ಮಗು ಎರಡೂ ಮನೆಗೆ ಮೊದಲಿನಂತೆಯೇ ಹೋಗಲಿ. ಆದರೆ ಇನ್ನು ಮುಂದೆ ತಂದೆತಾಯಿ ಎದುರೆದುರು ನಿಂತೇ ಒಪ್ಪಿಸಬೇಕು, ಮಗುವಿನ ಊಟ, ನಿದ್ದೆ, ಔಷಧದ ಬಗ್ಗೆ ಕಡಮೆಯೆಂದರೆ ಹತ್ತು ನಿಮಿಷ ಬಾಯಿಬಿಟ್ಟು ಮಾತಾಡಬೇಕು. ನಡುವೆ ಯಾರೂ ಬೇಡ. ಬರೆದು ಮುಗಿಸಿ ನನ್ನ ಕಡೆ ನೋಡಿದರು.

"ಐದನೇ ಕಲಮು ತೆಗೆಯೋಕೆ ಶಿಫಾರಸು ಮಾಡಬೇಕಾಗುತ್ತೆ ಅಜ್ಜಾವ್ರೇ. ನಿಮ್ಮನ್ನ ದೂರ ಇಡಬೇಕು ಅಂತಲ್ಲ. ಇವರಿಬ್ಬರ ಮಧ್ಯೆ ಗೋಡೆ ಇರೋವರೆಗೆ ಇವರು ಅದಕ್ಕೆ ಒರಗಿಕೊಂಡೇ ಇರ್ತಾರೆ."

"ತೆಗೀರಮ್ಮ," ಎಂದೆ.

"ನೀವು ಮಗುವನ್ನ ನೋಡೋದು ಮನೆಯವರು ಮಾತಾಡ್ಕೊಂಡು ಮಾಡೋ ವಿಷಯ. ಅದನ್ನ ನಾವು ಬರೆಯೋಕಾಗಲ್ಲ."

"ಗೊತ್ತಮ್ಮ."

ನ್ಯಾಯಾಧೀಶರು ಅದರಂತೆಯೇ ಆದೇಶ ಮಾಡಿದರು. ಐದನೆಯ ಕಲಮನ್ನು ಓದುವಾಗ ಅಜ್ಜ ಅಜ್ಜಿ ಎಂದು ಒಟ್ಟಿಗೆ ಓದಿ, ಒಟ್ಟಿಗೆ ಹೊಡೆದುಹಾಕಿದರು. ಇಳಿಯುವಾಗ ಓಣಿಯಲ್ಲಿ ಮಗನ ವಕೀಲರು, "ಕೇಳಿದ್ದಕ್ಕೆ ಹೌದು ಇಲ್ಲ ಅಂದಿದ್ದೆ ಯಜಮಾನ್ರೇ," ಎಂದರು. "ಇಲ್ಲ ಅಂತಲೇ ಶುರು ಮಾಡಿದೆ ಸ್ವಾಮಿ, ಮುಂದಕ್ಕೆ ಹೋಗಿಬಿಡ್ತು," ಎಂದೆ. ಅವರೂ ನಕ್ಕರು, ಒಳ್ಳೆಯ ಮನುಷ್ಯ.

ಮೊದಲ ಭಾನುವಾರಕ್ಕೆ ಮಾತ್ರ ಇಬ್ಬರೂ ಬೇರೆ ಬೇರೆಯಾಗಿ ಫೋನು ಮಾಡಿ ನನ್ನನ್ನು ಕರೆದರು. ಒಬ್ಬರಿಗೊಬ್ಬರು ಹೇಳಿಕೊಂಡಿರಲಿಲ್ಲ. ಹತ್ತು ನಿಮಿಷ ಹೇಗೆ ಕಳೆಯುವುದೆಂಬ ಹೆದರಿಕೆ. ಸೊಸೆಯ ಕಟ್ಟಡದ ಕೆಳಗೆ, ಅಂಚೆ ಡಬ್ಬಿಗಳ ಪಕ್ಕ ನಿಂತೆವು. ನಾನು ಮೂರು ಹೆಜ್ಜೆ ದೂರ ಹೋಗಿ ಗೋಡೆಗೆ ಒರಗಿದೆ. ಮಗ ಮಗಳ ಚೀಲ ಹಿಡಿದು ನಿಂತ. ಅವನ ಕಣ್ಣು ಅಭ್ಯಾಸದಂತೆ ಲಿಫ್ಟಿನ ಬಾಗಿಲಿಗೆ ಹೋಯಿತು.

"ಊಟ ಆಗಿದೆ," ಎಂದ.

"ಸರಿ."

"ರಾತ್ರಿ ಒಂಬತ್ತಕ್ಕೆ ಮಲಗಿದ್ಲು."

"ಸರಿ."

"ಪಟ್ಟಿ ಹಾಕಿಲ್ಲ."

"ನಾನೂ ಹಾಕಲ್ಲ." ಅಲ್ಲಿಗೆ ಒಂದು ನಿಮಿಷವೂ ಆಗಿರಲಿಲ್ಲ. ಇಬ್ಬರೂ ನೆಲ ನೋಡಿದರು. ಮಗಳು ಹಾಗೆ ನೆಲ ನೋಡುವುದನ್ನು ಎಲ್ಲಿ ಕಲಿತಳೆಂದು ನನಗೆ ಆಗ ಹೊಳೆಯಿತು. ನನ್ನಿಂದ ಬಾಯಿ ಮುಚ್ಚುವುದನ್ನಷ್ಟೇ ಕಲಿತದ್ದು.

ಮೊಮ್ಮಗಳು ಇಬ್ಬರ ಮುಖವನ್ನೂ ನೋಡಿದಳು. ಆಮೇಲೆ ನನ್ನ ಕಡೆ ನೋಡಿದಳು. ನಾನು ತಲೆ ಆಡಿಸಲಿಲ್ಲ, ಕಣ್ಣು ಮಿಟುಕಿಸಲಿಲ್ಲ. ಮತ್ತೆ ಒಂದು ಅಪ್ಪಣೆ ಕೊಡುವುದು ನನಗೆ ಬೇಡವಾಗಿತ್ತು.

"ಅಮ್ಮಾ," ಎಂದಳು, "ಅಪ್ಪನ ಮನೆ ನಲ್ಲಿ ಸೋರುತ್ತೆ. ಒಂದು ಬಟ್ಟಲು ಇಟ್ಟಿದಾನೆ. ತುಂಬಿದ ಮೇಲೆ ನಾನು ಗಿಡಕ್ಕೆ ಹಾಕ್ತೀನಿ."

ಸೊಸೆಯ ತುಟಿ ಬಿಗಿಯಿತು. ಮಗ, "ಊರವರ ಲಿಫ್ಟೆಲ್ಲ ರಿಪೇರಿ ಮಾಡ್ತೀನಿ, ನಲ್ಲಿಗೆ 'ನಾಳೆ ನಾಳೆ' ಅಂತಿದೀನಿ," ಎಂದ.

"ನಾನೇನೂ ಅನ್ನಲಿಲ್ಲಪ್ಪ," ಎಂದಳು ಸೊಸೆ. ಅವಳ ತುಟಿ ಸಡಿಲವಾಯಿತು. "ಯಾವ ಗಿಡ ಪುಟ್ಟಾ?"

"ಅಪ್ಪ ತಂದಿರೋ ಗಿಡ. ಅದಕ್ಕೆ ಮೂರು ಎಲೆ ಇದೆ. ಅಪ್ಪಾ, ಅಮ್ಮನ ಲ್ಯಾಬಲ್ಲಿ ಒಂದು ಡಬ್ಬಿ ತುಂಬ ಹಲ್ಲು ಇದೆ ಗೊತ್ತಾ? ಅಮ್ಮ ಒಂದು ಸಲ ಅಳ್ತಾ ಅಳ್ತಾ ಹಲ್ಲು ಮಾಡ್ತಿದ್ಲು. ನಾನು ಕೇಳಿದ್ದಕ್ಕೆ ಪುಡಿ ಕಣ್ಣಿಗೆ ಬಿತ್ತು ಅಂದ್ಲು. ಬೆಕ್ಕಿನ ಮರಿ ನಾಲ್ಕೂ ಈಗ ದೊಡ್ಡದಾಗಿವೆ, ಒಂದು ನಮ್ಮ ಮನೆಗೇ ಬರುತ್ತೆ. ಅಪ್ಪಾನೂ ಒಂದಿನ ಫೋನ್ ಇಟ್ಟು ಸುಮ್ನೆ ಗೋಡೆ ನೋಡ್ತಿದ್ದ, ತುಂಬಾ ಹೊತ್ತು. ಮತ್ತೆ ಅಮ್ಮಾ..."

ಇಬ್ಬರೂ ಅವಳ ಎತ್ತರಕ್ಕೆ ಬಗ್ಗಿದ್ದರು. ಒಬ್ಬರ ಮುಖ ಒಬ್ಬರು ನೋಡಲು ಇನ್ನೂ ಧೈರ್ಯವಿರಲಿಲ್ಲ, ಇಬ್ಬರೂ ಅವಳನ್ನೇ ನೋಡುತ್ತಿದ್ದರು. ಒಂದು ವರ್ಷದ ಮಾತು. ಕಟ್ಟಡದ ಹೆಂಗಸೊಬ್ಬಳು ತರಕಾರಿ ಚೀಲ ಹಿಡಿದು ಬಂದು ಲಿಫ್ಟಿಗೆ ದಾರಿ ಬಿಡಿ ಎಂದಳು. ಮೂವರೂ ಒಟ್ಟಿಗೆ ಒಂದು ಪಕ್ಕಕ್ಕೆ ಸರಿದು ಮತ್ತೆ ಹಾಗೆಯೇ ನಿಂತರು. ನಾನು ಹೊರಟದ್ದನ್ನು ಮೊಮ್ಮಗಳು ನೋಡಲಿಲ್ಲ.

ಬುಧವಾರ ನಾಲ್ಕಕ್ಕೆ ನನ್ನ ಮನೆಗೆ ಯಾರೂ ಬರಲಿಲ್ಲ, ಬರಬೇಕಾಗಿಯೂ ಇರಲಿಲ್ಲ. ರೂಢಿಯಂತೆ ಬಾಗಿಲು ತೆರೆದಿಟ್ಟು ಕೂತಿದ್ದೆ. ನಿನ್ನನ್ನು ಕೇಳಿಕೊಂಡದ್ದನ್ನು ನೀನು ಕೊಡಲಿಲ್ಲ ಎಂದು ದೇವರಿಗೆ ಹೇಳಿದೆ. ಜಗಳವಾಡುವ ಮನಸ್ಸಿನಿಂದಲ್ಲ, ಹಾಗೆ ಸುಮ್ಮನೆ, ಇದ್ದದ್ದನ್ನು ಹೇಳಿದೆ. ಹೆಂಡತಿಗೂ ಹೇಳಿದೆ. ಐದೂವರೆಗೆ ಮಗನ ಫೋನು ಬಂತು.

"ಅಪ್ಪಾ, ಇವತ್ತು ಇಪ್ಪತ್ತೈದು ನಿಮಿಷ ಆಯ್ತು. ಇವಳು ಬಿಡಲೇ ಇಲ್ಲ. ನನಗೆ ಎರಡು ಕಾಲ್ ಬಂದಿತ್ತು, ಎತ್ತಲಿಲ್ಲ."

"ಒಳಗೆ ಯಾರಾದರೂ ಸಿಕ್ಕಿಕೊಂಡಿದ್ರೋ ಏನೋ."

"ಒಬ್ಬರು ಸಿಕ್ಕಿಕೊಂಡಿದ್ರು. ಬೇರೆಯವನನ್ನ ಕಳಿಸಿದೆ."

ಅವನ ಹಿಂದೆ ಮೊಮ್ಮಗಳ ದನಿ ಕೇಳುತ್ತಿತ್ತು, ಯಾವುದೋ ಬಸ್ಸಿನ ವಿಷಯ, ಯಾರೋ ನಿದ್ದೆ ಹೋದ ವಿಷಯ. ಮಾತು ಸರಿಯಾಗಿ ತಿಳಿಯಲಿಲ್ಲ. ಅವಳನ್ನು ಕರೆಯಲೇ ಎಂದು ಮಗ ಕೇಳಿದ. ಬೇಡ, ಅವಳು ಹೇಳುತ್ತಿರುವುದು ಮುಗಿಯಲಿ ಎಂದೆ.